ನಕಲು ತೆಗೆದರೆ ಸಾಲದು, ಮರಳಿ ಕಟ್ಟಲು ಬರಬೇಕು



ಸಹಕಾರ ಸಂಘದ ಆಸ್ತಿ ಯಾವುದೆಂದು ಕೇಳಿದರೆ ಗೋದಾಮು, ಕಟ್ಟಡ, ಷೇರು ಬಂಡವಾಳ, ಮೀಸಲು ನಿಧಿ ಎಂದು ನಾವೆಲ್ಲರೂ ಬೆರಳು ಮಡಚುತ್ತೇವೆ. ಅಢಾವೆ ಪತ್ರಿಕೆಯಲ್ಲಿ ಎಲ್ಲಿಯೂ ಕಾಣಿಸದ, ಆದರೆ ಇವೆಲ್ಲಕ್ಕೂ ಆಧಾರವಾದ ಇನ್ನೊಂದು ಆಸ್ತಿಯಿದೆ. ಅದು ಲೆಕ್ಕ. ಯಾರ ಅಡಿಕೆ ಎಷ್ಟು ಕ್ವಿಂಟಲ್ ಗೋದಾಮಿನಲ್ಲಿದೆ, ಅದರಲ್ಲಿ ರಾಶಿ ಎಷ್ಟು ಬೆಟ್ಟೆ ಎಷ್ಟು, ಯಾರ ಕಾಫಿ ಪಾರ್ಚ್‌ಮೆಂಟಿಗೆ ಎಷ್ಟು ಮುಂಗಡ ಕೊಡಲಾಗಿದೆ, ಯಾರ ಬೆಳೆ ಸಾಲ ಯಾವ ತಾರೀಖಿನಂದು ತೀರಿತು ಎಂಬ ಈ ಬರವಣಿಗೆ ಅಳಿಸಿಹೋದರೆ ಗೋದಾಮಿನಲ್ಲಿರುವುದು ಯಾರದೂ ಅಲ್ಲದ ಮಾಲು.

ಹಿಂದೆ ಈ ಲೆಕ್ಕ ರಟ್ಟಿನ ಲೆಡ್ಜರುಗಳಲ್ಲಿತ್ತು. ಗೆದ್ದಲು ಮತ್ತು ಮಳೆಗಾಲದ ಥಂಡಿ ಅದರ ಶತ್ರುಗಳಾಗಿದ್ದವು. ಈಗ ಅದು ಗಣಕಯಂತ್ರದ ಡೇಟಾಬೇಸಿನಲ್ಲಿದೆ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕಾಗಿ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿದ ಮೇಲಂತೂ ಸಣ್ಣಪುಟ್ಟ ಸಂಘಗಳಲ್ಲಿಯೂ ಲೆಡ್ಜರಿನ ಕಾಲ ಮುಗಿಯುತ್ತಿದೆ. ಇದು ಸ್ವಾಗತಾರ್ಹವೇ ಸರಿ. ಆದರೆ ಬರೆಯಲು ಕಲಿಸಿದಷ್ಟು ಶ್ರದ್ಧೆಯಿಂದ, ಬರೆದದ್ದು ಕಳೆದುಹೋದರೆ ಮರಳಿ ಪಡೆಯುವುದನ್ನು ನಮ್ಮ ಸಿಬ್ಬಂದಿಗೆ ಯಾರೂ ಕಲಿಸುತ್ತಿಲ್ಲ. ಈ ವಿದ್ಯೆಯನ್ನು ಪ್ರತಿಯೊಂದು ಸಂಘವೂ ತನ್ನ ಖರ್ಚಿನಿಂದಲಾದರೂ ಕಲಿಸಬೇಕು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಇದು ಗುಮಾಸ್ತರ ಕೋಣೆಯ ವಿಷಯ, ಎರಡೆಕರೆ ತೋಟದವನಿಗೇನು ಎಂದು ಯಾರೂ ತಿಳಿಯಬಾರದು. ವಾಯಿದೆಯೊಳಗೆ ಬೆಳೆ ಸಾಲ ಕಟ್ಟಿದವರಿಗೆ ಬಡ್ಡಿ ರಿಯಾಯಿತಿ ಉಂಟು. ತಪ್ಪಿದವರಿಗೆ ಬಡ್ಡಿ ಉಂಟು, ಸುಸ್ತಿದಾರನೆಂಬ ಹೆಸರೂ ಉಂಟು. ವಾಯಿದೆಯ ಕೊನೆಯ ದಿನ ಕೌಂಟರಿನ ಮುಂದೆ ಸಾಲು ನಿಂತು ಹಣ ಕಟ್ಟುವವರು ಸಣ್ಣ ಬೆಳೆಗಾರರೇ. ಆ ಒಂದು ದಿನದ ಲೆಕ್ಕ ಹೋಯಿತೆಂದುಕೊಳ್ಳಿ. ರಸೀದಿ ಜೋಪಾನವಾಗಿಟ್ಟವನು ಉಳಿದಾನು. ರಸೀದಿ ಅಂಗಿಯ ಜೇಬಿನಲ್ಲಿ ಮಳೆಗೆ ನೆಂದವನ ಗತಿಯೇನು?

ಲೆಕ್ಕ ಹಾಳಾಗುವ ಬಗೆಗಳು ಹಲವು. ಮುಂಗಾರಿನ ಮೊದಲ ಸಿಡಿಲಿಗೆ ಯಂತ್ರ ಸುಟ್ಟುಹೋಗಬಹುದು. ಡಿಸ್ಕು ಹಳತಾಗಿ ಕೆಡಬಹುದು. ಬೇಸತ್ತ ಕೈ ತಪ್ಪು ಗುಂಡಿ ಒತ್ತಬಹುದು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶವಂತೂ ದೊಡ್ಡವರು ಸಣ್ಣವರೆಂದು ನೋಡುವುದಿಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ಇಂಥ ದಾಳಿಗೆ ತುತ್ತಾಗಿ ರೋಗಿಗಳ ನೋಂದಣಿ, ಪ್ರಯೋಗಾಲಯದ ವರದಿ ಎಲ್ಲವೂ ಹಲವು ದಿನ ಕೈಬರಹದಲ್ಲಿ ನಡೆದವು. ದಾಳಿ ತಗಲದೆ ಉಳಿದಿದ್ದ ಬ್ಯಾಕಪ್ ಸರ್ವರಿನಿಂದ ಮಾಹಿತಿಯನ್ನು ಮರಳಿ ಪಡೆಯಲಾಯಿತೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಾಂತ್ರಿಕ ಸೇವಾ ಸಂಸ್ಥೆಗೆ ದಾಳಿ ತಟ್ಟಿದಾಗ, ಅದನ್ನು ಅವಲಂಬಿಸಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ವ್ಯವಸ್ಥೆ ತಾತ್ಕಾಲಿಕವಾಗಿ ನಿಂತಿತು. ಅವುಗಳಲ್ಲಿ ಸಹಕಾರಿ ಬ್ಯಾಂಕುಗಳೂ ಗ್ರಾಮೀಣ ಬ್ಯಾಂಕುಗಳೂ ಇದ್ದವು.

"ನಮ್ಮಲ್ಲಿ ದಿನವೂ ಬ್ಯಾಕಪ್ ಆಗುತ್ತದೆ" ಎಂಬ ಉತ್ತರ ಎಲ್ಲ ಕಡೆಯೂ ಸಿದ್ಧವಾಗಿರುತ್ತದೆ. ಈ ಉತ್ತರ ಎಷ್ಟು ಪೊಳ್ಳಾಗಿರಬಲ್ಲದು ಎಂಬುದಕ್ಕೆ ಗಿಟ್‌ಲ್ಯಾಬ್ ಎಂಬ ವಿದೇಶಿ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನಡೆದದ್ದನ್ನು ತಿಳಿಯಬೇಕು. ಅದು ಗಣಕ ತಜ್ಞರೇ ತಜ್ಞರಿಗಾಗಿ ನಡೆಸುವ ಸಂಸ್ಥೆ. ತಡರಾತ್ರಿ ದುಡಿಯುತ್ತಿದ್ದ ಒಬ್ಬ ಇಂಜಿನಿಯರು ಎರಡನೆಯ ಸರ್ವರಿನಲ್ಲಿ ಅಳಿಸಬೇಕಾದ ಕಡತಗಳನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ತಪ್ಪು ತಿಳಿದು ಒಂದೆರಡು ಸೆಕೆಂಡಿನಲ್ಲಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ ಮಾತ್ರ.

ಅಲ್ಲಿ ನಕಲು ಕಾಯ್ದಿಡುವ ಏರ್ಪಾಡುಗಳು ಒಂದಲ್ಲ, ಐದು ಇದ್ದವು. ಆ ರಾತ್ರಿ ಒಂದೂ ನೆಚ್ಚುವಂತಿರಲಿಲ್ಲ. ದಿನವೂ ನಡೆಯುತ್ತಿದೆ ಎಂದುಕೊಂಡಿದ್ದ ನಕಲು, ಡೇಟಾಬೇಸಿನ ಆವೃತ್ತಿಗೂ ನಕಲು ತೆಗೆಯುವ ಸಲಕರಣೆಯ ಆವೃತ್ತಿಗೂ ತಾಳೆಯಾಗದ ಕಾರಣ ವಿಫಲವಾಗುತ್ತಲೇ ಇತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳೂ ತಿರಸ್ಕೃತವಾಗಿ ಯಾರ ಕೈಗೂ ಸೇರಿರಲಿಲ್ಲ. ಬೇರೊಂದು ಪರೀಕ್ಷೆಗಾಗಿ ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಪ್ರತಿ ಅದೃಷ್ಟವಶಾತ್ ಸಿಕ್ಕಿದ್ದರಿಂದ ಸಂಸ್ಥೆ ಉಳಿಯಿತು. ಆ ಆರು ಗಂಟೆಗಳ ಮಾಹಿತಿ ಹೋಯಿತು. ಅವರು ಎಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದ್ದರಿಂದ ನಾವು ಇದನ್ನು ಬರೆಯಲು ಸಾಧ್ಯವಾಗಿದೆ. ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಇದರಿಂದ ತಿಳಿಯಬೇಕಾದ ಮೊದಲ ಮಾತೆಂದರೆ, ಮರಳಿ ಕಟ್ಟಿ ನೋಡದ ನಕಲು ನಕಲೇ ಅಲ್ಲ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ ನೋಡಿ, ಅದರ ಮೇಲೆ ತಾಮ್ರದ ಬಣ್ಣ ಕೂತರೆ ಇನ್ನಷ್ಟು ಸುಣ್ಣ ಹಾಕುವ ನಾವು, ಹತ್ತಾರು ವರ್ಷದ ಲೆಕ್ಕದ ವಿಷಯದಲ್ಲಿ ಚಾಕು ಅದ್ದದೆ ಕೂರುವುದು ವಿವೇಕವಲ್ಲ.

ಹಾಗಾದರೆ ಕಲಿಯಬೇಕಾದದ್ದೇನು? ಹಳೆಯ ಲೆಕ್ಕಪತ್ರದ ಕ್ರಮ ಬಲ್ಲವರಿಗೆ ಇದು ಹೊಸತಲ್ಲ. ನಾವು ಮೊದಲು ದಿನವಹಿಯಲ್ಲಿ ಬರೆದು ಆಮೇಲೆ ಖಾತೆಗೆ ಹಾಕುತ್ತಿದ್ದೆವಷ್ಟೆ? ಉತ್ತಮ ಡೇಟಾಬೇಸುಗಳು ಮಾಡುವುದೂ ಅದನ್ನೇ. ಪ್ರತಿಯೊಂದು ಬದಲಾವಣೆಯನ್ನೂ ಮೊದಲು 'ಲಾಗ್' ಎಂಬ ದಿನವಹಿಯಲ್ಲಿ ಬರೆದು ನಂತರ ಮುಖ್ಯ ಕಡತಕ್ಕೆ ಏರಿಸುತ್ತವೆ. ನಡುವೆ ಕರೆಂಟು ಹೋದರೆ, ಯಂತ್ರ ಮತ್ತೆ ಎದ್ದಾಗ ಲಾಗ್ ಓದಿ ಪೂರ್ಣಗೊಂಡ ವ್ಯವಹಾರಗಳನ್ನು ಉಳಿಸಿ, ಅರ್ಧಕ್ಕೆ ನಿಂತವುಗಳನ್ನು ರದ್ದು ಮಾಡುತ್ತದೆ. ಈ ಮರುಸ್ಥಾಪನಾ ಕ್ರಮವನ್ನು 'ಏರೀಸ್' ಎಂಬ ಹೆಸರಿನಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿ 1992ರಲ್ಲಿ ಪ್ರಕಟಿಸಿದವರಲ್ಲಿ ಮೊದಲಿಗರು ಐಬಿಎಂ ಸಂಸ್ಥೆಯಲ್ಲಿದ್ದ ಭಾರತೀಯ ಮೂಲದ ವಿಜ್ಞಾನಿ ಸಿ. ಮೋಹನ್ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಇದರ ಪ್ರಯೋಜನ ಹೀಗೆ. ಭಾನುವಾರ ರಾತ್ರಿ ಇಡೀ ಡೇಟಾಬೇಸಿನ ಪೂರ್ಣ ನಕಲು ತೆಗೆದಿದ್ದೇವೆ. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಯಾರೋ ಒಂದು ಊರಿನ ಸದಸ್ಯರ ಸಾಲದ ಖಾತೆಗಳನ್ನೆಲ್ಲ ಅಳಿಸಿಬಿಟ್ಟರು. ಪೂರ್ಣ ನಕಲು ಮಾತ್ರ ಇದ್ದರೆ ನಾವು ಭಾನುವಾರಕ್ಕೆ ಹಿಂತಿರುಗುತ್ತೇವೆ. ಮೂರು ದಿನದ ವ್ಯವಹಾರ ಹೋಗುತ್ತದೆ. ಲಾಗುಗಳನ್ನೂ ಬೇರೆ ಡಿಸ್ಕಿನಲ್ಲಿ ಕೂಡಿಡುತ್ತಾ ಬಂದಿದ್ದರೆ, ಭಾನುವಾರದ ನಕಲನ್ನು ಹಾಸಿ, ಅದರ ಮೇಲೆ ಲಾಗುಗಳನ್ನು ಕ್ರಮವಾಗಿ ಏರಿಸುತ್ತಾ 2 ಗಂಟೆ 59 ನಿಮಿಷಕ್ಕೆ ನಿಲ್ಲಿಸಬಹುದು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಮುಂತಾದ ಎಲ್ಲ ಪ್ರಮುಖ ಡೇಟಾಬೇಸುಗಳಲ್ಲಿಯೂ ಈ ಸೌಲಭ್ಯವಿದೆ. ಕೈ ಪಳಗಿಸಿಕೊಂಡವರು ಬೇಕು, ಅಷ್ಟೆ.

ಇನ್ನೊಂದು ಭ್ರಮೆಯನ್ನೂ ಬಿಡಬೇಕು. ಒಂದರ ಪಕ್ಕದಲ್ಲಿ ಇನ್ನೊಂದು ಯಂತ್ರವಿಟ್ಟು, ಇಲ್ಲಿ ಬರೆದದ್ದು ಕ್ಷಣದಲ್ಲಿ ಅಲ್ಲಿಯೂ ಮೂಡುವಂತೆ ಮಾಡುವ ಜೋಡಿ ವ್ಯವಸ್ಥೆ ಒಳ್ಳೆಯದು. ಆದರೆ ಅದು ಬ್ಯಾಕಪ್ ಅಲ್ಲ. ಇಲ್ಲಿ ತಪ್ಪಾಗಿ ಅಳಿಸಿದರೆ ಅಲ್ಲಿಯೂ ಅದೇ ಕ್ಷಣದಲ್ಲಿ ಅಳಿಯುತ್ತದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಬಳಕೆಗೆ ತಂದ 3-2-1 ಸೂತ್ರ ನೆನಪಿಡಲು ಸುಲಭ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಸ್ಥಳದಲ್ಲಿ. ಆ ಬೇರೆ ಸ್ಥಳದ ಮಹತ್ವವನ್ನು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ 2021ರ ಮಾರ್ಚ್ 10ರಂದು ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರ ಸುಟ್ಟಾಗ ಜಗತ್ತು ಕಂಡಿತು. ಮೂಲವನ್ನೂ ನಕಲನ್ನೂ ಅಲ್ಲಿಯೇ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಒಂದು ಪ್ರತಿಯಾದರೂ ಯಂತ್ರದಿಂದ ಕಳಚಿ ಇಟ್ಟಿರಬೇಕು. ಸದಾ ಜೋಡಿಸಿಟ್ಟ ಡಿಸ್ಕಿಗೆ ದಾಳಿಕೋರರೂ ಬೀಗ ಹಾಕುತ್ತಾರೆ, ಸಿಡಿಲೂ ಬಡಿಯುತ್ತದೆ. ಹೊರಗಿಡುವ ಪ್ರತಿಯಲ್ಲಿ ಸದಸ್ಯರ ಆಧಾರ್, ಪಹಣಿ, ಖಾತೆಗಳ ವಿವರ ಇರುವುದರಿಂದ ಅದನ್ನು ಗೂಢಲಿಪಿಯಲ್ಲಿಡಬೇಕು. ಅದರ ಗುಪ್ತಪದವು ಮೊಹರು ಮಾಡಿದ ಲಕೋಟೆಯಲ್ಲಿ ಬೇರೊಂದು ತಿಜೋರಿಯಲ್ಲಿರಬೇಕು.

ಈ ಮಾತಿಗೆ ಆಕ್ಷೇಪಣೆಗಳು ಬರುವುದು ಸಹಜ. "ತಂತ್ರಾಂಶ ಕೊಟ್ಟ ಕಂಪನಿಯವರೇ ನೋಡಿಕೊಳ್ಳುತ್ತಾರೆ" ಎನ್ನುವವರಿದ್ದಾರೆ. ನೋಡಿಕೊಳ್ಳಲಿ. ಆದರೆ ಎಷ್ಟು ದಿನದ ನಕಲು, ಎಲ್ಲಿ ಇಡುತ್ತಾರೆ, ಕೇಳಿದ ದಿನ ಎಷ್ಟು ಗಂಟೆಯಲ್ಲಿ ಮರಳಿಸುತ್ತಾರೆ ಎಂಬುದು ಕರಾರಿನಲ್ಲಿ ಬರವಣಿಗೆಯಲ್ಲಿರಬೇಕು. ಆ ಕರಾರನ್ನು ಓದಿ ಪ್ರಶ್ನೆ ಕೇಳಲು ಬಲ್ಲವರೊಬ್ಬರು ನಮ್ಮ ಕಡೆಯೂ ಇರಬೇಡವೇ? ಲೆಕ್ಕ ಕಳೆದರೆ ಮಹಾಸಭೆಯಲ್ಲಿ ಎದ್ದು ಉತ್ತರಿಸಬೇಕಾದವರು ಕಂಪನಿಯವರಲ್ಲ. ಎಲ್ಲವೂ ಸರ್ಕಾರದ ಸರ್ವರಿನಲ್ಲಿದೆ ಎನ್ನುವ ಸಂಘಗಳೂ ತಮ್ಮ ದಿನದ ತಾಳೆಪಟ್ಟಿಯನ್ನು ಮುದ್ರಿಸಿ ಸಹಿ ಮಾಡಿ ಇಟ್ಟುಕೊಳ್ಳುವುದು ಕ್ಷೇಮ.

"ಖರ್ಚು ಯಾರು ಕೊಡುತ್ತಾರೆ" ಎಂಬುದು ಇನ್ನೊಂದು ಆಕ್ಷೇಪಣೆ. ಇಲ್ಲಿ ಆಡಳಿತ ಮಂಡಳಿ ತೀರ್ಮಾನಿಸಬೇಕಾದದ್ದು ಎರಡೇ ಪ್ರಶ್ನೆ. ಎಷ್ಟು ಹೊತ್ತಿನ ಲೆಕ್ಕ ಹೋದರೆ ತಡೆದುಕೊಳ್ಳಬಲ್ಲೆವು? ಎಷ್ಟು ಹೊತ್ತು ಕೌಂಟರು ಮುಚ್ಚಿದರೆ ತಡೆದುಕೊಳ್ಳಬಲ್ಲೆವು? ಮಳೆಗಾಲದ ಬಿಡುವಿನ ದಿನಗಳಲ್ಲಿ ಒಂದು ದಿನವಾದರೂ ನಡೆದೀತು. ಕೊಯ್ಲು, ಮಾರಾಟ, ವಾಯಿದೆಗಳ ದಿನಗಳಲ್ಲಿ ಒಂದು ಗಂಟೆಯೂ ಹೆಚ್ಚು. ಉತ್ತರ ಖಚಿತವಾದರೆ ಖರ್ಚು ತಾನೇ ಖಚಿತವಾಗುತ್ತದೆ. ಸಣ್ಣ ಸಂಘಕ್ಕೆ ಎರಡು ಹೊರ ಡಿಸ್ಕುಗಳು, ಪ್ರಯೋಗಕ್ಕೆಂದು ಒಂದು ಹಳೆಯ ಗಣಕಯಂತ್ರ, ಇಬ್ಬರು ಸಿಬ್ಬಂದಿಯ ತರಬೇತಿ, ಇಷ್ಟರಿಂದ ಆರಂಭಿಸಬಹುದು. ಇಬ್ಬರು ಎನ್ನಲು ಕಾರಣವಿದೆ. ಬಲ್ಲವನೊಬ್ಬನೇ ಆಗಿ, ಅವನು ಮಗಳ ಮದುವೆಗೆ ರಜೆ ಹಾಕಿದ ದಿನವೇ ಡಿಸ್ಕು ಕೆಡಬಾರದೆಂಬ ನಿಯಮವೇನೂ ಇಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟು. ಮೂರು ತಿಂಗಳಿಗೊಮ್ಮೆ, ನಡೆಯುತ್ತಿರುವ ಯಂತ್ರವನ್ನು ಮುಟ್ಟದೆ, ಆ ಹಳೆಯ ಯಂತ್ರದ ಮೇಲೆ ನಕಲಿನಿಂದ ಇಡೀ ಲೆಕ್ಕವನ್ನು ಮರಳಿ ಕಟ್ಟಬೇಕು. ಸದಸ್ಯರ ಸಂಖ್ಯೆ, ಷೇರು ಮೊತ್ತ, ಹೊರಬಾಕಿ ಸಾಲ, ಗೋದಾಮಿನ ದಾಸ್ತಾನು ಇವು ಆ ದಿನದ ಮುದ್ರಿತ ತಾಳೆಪಟ್ಟಿಗೆ ಪೈಸೆ ಪೈಸೆ ಹೊಂದಬೇಕು. ಎಷ್ಟು ಗಂಟೆ ಹಿಡಿಯಿತೆಂದು ರಿಜಿಸ್ಟರಿನಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಒಮ್ಮೆ ಒಬ್ಬರು ಮಾಡಿದರೆ ಮುಂದಿನ ಸಲ ಇನ್ನೊಬ್ಬರು ಮಾಡಬೇಕು.

ಸದಸ್ಯರ ಪಾಲಿನ ಕರ್ತವ್ಯವೂ ಇದೆ. ವಾರ್ಷಿಕ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟು, ಗೊಬ್ಬರ ಯಾವಾಗ ಬರುತ್ತದೆ ಎಂದು ಕೇಳುವ ನಾವು ಇನ್ನು ಮುಂದೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: "ನಮ್ಮ ಲೆಕ್ಕವನ್ನು ನಕಲಿನಿಂದ ಮರಳಿ ಕಟ್ಟಿ ನೋಡಿದ್ದು ಕೊನೆಯ ಬಾರಿ ಯಾವ ತಾರೀಖಿನಂದು?" ಕಾರ್ಯದರ್ಶಿಗಳು ತಾರೀಖು ಹೇಳಿ ರಿಜಿಸ್ಟರು ತೋರಿಸಿದರೆ ಸರಿ. ತೋರಿಸದಿದ್ದರೆ, ತೋರಿಸುವ ತನಕ ವರದಿಗೆ ಅನುಮೋದನೆ ಕೊಡಬೇಡಿರಿ. ಈ ಹುದ್ದೆಯಲ್ಲಿ ಕುಳಿತೇ ನಾವು ಈ ಮಾತನ್ನು ಹೇಳುತ್ತಿದ್ದೇವೆ.