ಐದನೆಯ ಅರ್ಹತೆ

ತತ್ವಶಾಸ್ತ್ರ ಎಂ.ಎ. ತರಗತಿಯಲ್ಲಿ ನನಗೆ ಮೊದಲು ಆದ ಪಾಠ ಅರ್ಹತೆಯ ಬಗ್ಗೆ. ಬ್ರಹ್ಮವನ್ನು ತಿಳೀಬೇಕು ಅನ್ನುವವನಿಗೆ ನಾಲ್ಕು ಅರ್ಹತೆ ಬೇಕು ಅಂತ ಶಂಕರರು ಬ್ರಹ್ಮಸೂತ್ರ ಭಾಷ್ಯದ ಹೊಸಿಲಲ್ಲೇ ಹೇಳಿದ್ದಾರೆ. ನಿತ್ಯ ಯಾವುದು, ಅನಿತ್ಯ ಯಾವುದು ಅಂತ ಬೇರೆ ಮಾಡುವ ವಿವೇಕ. ಈ ಲೋಕದ, ಆ ಲೋಕದ ಸುಖಗಳ ಮೇಲೆ ವೈರಾಗ್ಯ. ಶಮ ದಮ ಮೊದಲಾದ ಗುಣಗಳು. ಕೊನೆಗೆ ಬಿಡುಗಡೆ ಬೇಕೆನ್ನುವ ಹಂಬಲ. ಇದಕ್ಕೆ ಸಾಧನ ಚತುಷ್ಟಯ ಅಂತ ಹೆಸರು. ಮೇಷ್ಟ್ರು ಚೆನ್ನಾಗಿ ಪಾಠ ಮಾಡಿದರು. ನಾನೂ ಚೆನ್ನಾಗಿ ಬರಕೊಂಡೆ.

ಆ ಗುಣಗಳಲ್ಲಿ ತಿತಿಕ್ಷೆ ಅಂತ ಒಂದಿದೆ. ಚಳಿ, ಬಿಸಿಲು, ನೋವು ಎಲ್ಲವನ್ನೂ ಗೊಣಗದೆ ತಡಕೊಳ್ಳುವುದು. ಅದನ್ನು ಬರಕೊಳ್ಳುವಾಗ ನನಗೆ ನಗು ಬಂತು. ನಮ್ಮಪ್ಪ ಮೂವತ್ತು ವರ್ಷ ಬೇರೆಯವರ ಗದ್ದೆಯಲ್ಲಿ ಕಬ್ಬು ಕಡಿದವನು. ಅವನ ತಿತಿಕ್ಷೆಗೆ ಯಾವ ಗುರುವಿನ ಸರ್ಟಿಫಿಕೇಟೂ ಬೇಕಾಗಿಲ್ಲ. ಇನ್ನು ವೈರಾಗ್ಯ. ನಾಲ್ಕು ಮಕ್ಕಳಿಗೆ ಮುದ್ದೆ ಹಾಕಿ, ಮಡಕೆಯಲ್ಲಿ ಉಳಿದಿದ್ದರೆ ಉಂಡು, ಇಲ್ಲದಿದ್ದರೆ ನೀರು ಕುಡಿದು ಮಲಗುತ್ತಿದ್ದ ನಮ್ಮವ್ವನಿಗಿಂತ ದೊಡ್ಡ ವಿರಾಗಿಯನ್ನು ನಾನು ಯಾವ ಮಠದಲ್ಲೂ ಕಂಡಿಲ್ಲ. ಬಿಡುಗಡೆಯ ಹಂಬಲವಂತೂ ಕೇಳಬೇಡಿ. ಲೆಕ್ಕ ಹಾಕಿದರೆ ನಮ್ಮ ಕೇರಿಯ ಅರ್ಧಕ್ಕರ್ಧ ಜನ ಬ್ರಹ್ಮಜ್ಞಾನಕ್ಕೆ ಅರ್ಹರು. ಮತ್ತೆ ಸಾವಿರ ವರ್ಷ ಬ್ರಹ್ಮ ನಮ್ಮ ಕೇರಿ ಕಡೆ ಯಾಕೆ ತಲೆ ಹಾಕಲಿಲ್ಲ?

ನಮ್ಮ ಪಠ್ಯಕ್ಕೆ ಇದ್ದದ್ದು ಚತುಃಸೂತ್ರಿ. ಶಂಕರರ ಪಾಠದಂತೆ 555 ಸೂತ್ರಗಳಿರುವ ಗ್ರಂಥದಲ್ಲಿ ಮೊದಲ ನಾಲ್ಕು ಓದಿದರೆ ಪಾಸು. ನನ್ನ ಪ್ರಶ್ನೆಗೆ ಉತ್ತರ ಇದ್ದದ್ದು ಆ ನಾಲ್ಕರ ಆಚೆ, ಮೊದಲ ಅಧ್ಯಾಯದ ಮೂರನೇ ಪಾದದಲ್ಲಿ, 34ರಿಂದ 38ನೇ ಸೂತ್ರದವರೆಗೆ. ಈ ಐದು ಸೂತ್ರಗಳ ತುಂಡಿಗೆ ಅಪಶೂದ್ರಾಧಿಕರಣ ಅಂತ ಹೆಸರು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಲೈಬ್ರರಿಯಲ್ಲಿ ನಾನೇ ಧೂಳು ಕೊಡವಿ ಓದಿದೆ. ಶಾಸ್ತ್ರದ ಭಾಷೆಯಲ್ಲಿ ಅಧಿಕಾರ ಅಂದರೆ ಅರ್ಹತೆ, ನಮ್ಮೂರ ಭಾಷೆಯಲ್ಲಿ ಅಧಿಕಾರ ಅಂದರೆ ದರ್ಬಾರು. ಎರಡೂ ಒಂದೇ ಪದ ಯಾಕಾಯಿತು ಅಂತ ನನಗೆ ಅವತ್ತು ಗೊತ್ತಾಯಿತು.

ಆ ಐದು ಸೂತ್ರಗಳಲ್ಲಿ ಏನಿದೆ? ಛಾಂದೋಗ್ಯ ಉಪನಿಷತ್ತಿನಲ್ಲಿ ಜಾನಶ್ರುತಿ ಅಂತ ಒಬ್ಬ ದಾನಿ ಬರುತ್ತಾನೆ. ಗಾಡಿಯ ಅಡಿಯಲ್ಲಿ ಕೂತು ಕಜ್ಜಿ ಕೆರಕೊಳ್ಳುತ್ತಿದ್ದ ರೈಕ್ವನ ಹತ್ತಿರ ಜ್ಞಾನ ಕೇಳುತ್ತಾನೆ. ರೈಕ್ವ ಅವನನ್ನು ಶೂದ್ರ ಅಂತಲೇ ಕರೆಯುತ್ತಾನೆ, ಒಂದಲ್ಲ, ಎರಡು ಸಲ. ಆಮೇಲೆ ಹಸುಗಳನ್ನೂ ಹಳ್ಳಿಯನ್ನೂ ಅವನ ಮಗಳನ್ನೂ ತಗೊಂಡು ವಿದ್ಯೆ ಹೇಳಿಕೊಡುತ್ತಾನೆ. (ಆ ಮಗಳನ್ನು ಯಾರಾದರೂ ಒಂದು ಮಾತು ಕೇಳಿದರೋ ಇಲ್ಲವೋ, ಅದು ಬೇರೆ ಲೇಖನ.) ಅಂದಮೇಲೆ ಶೂದ್ರನಿಗೂ ವಿದ್ಯೆ ಸಿಕ್ಕಿತಲ್ಲ ಅನ್ನುತ್ತೀರಾ? ತಾಳಿ. ಸೂತ್ರ ಬಂದು ವ್ಯಾಕರಣದ ಇಕ್ಕಳ ಹಾಕುತ್ತದೆ. ಶುಕ್ ಅಂದರೆ ದುಃಖ. ಹಂಸಗಳು ಆಡಿಕೊಂಡ ಮಾತು ಕೇಳಿ ದುಃಖವಾಗಿ ಓಡಿ ಬಂದ, ಅದಕ್ಕೆ ಶೂದ್ರ ಅಂದದ್ದು. ಜಾತಿಯಲ್ಲಿ ಅವನು ಕ್ಷತ್ರಿಯನೇ! ನನ್ನ ಜಾತಿಯನ್ನು ಹೀಗೆ ಯಾರಾದರೂ ವ್ಯಾಕರಣದಿಂದ ತಿದ್ದಿಕೊಟ್ಟಿದ್ದರೆ ಅಪ್ಪ ಕಬ್ಬು ಕಡಿಯುವುದು ತಪ್ಪುತ್ತಿತ್ತು.

ಆಮೇಲೆ ಉಪನಯನದ ಮಾತು. ಉಪನಯನ ಇಲ್ಲದವನಿಗೆ ವೇದವಿಲ್ಲ, ವೇದವಿಲ್ಲದವನಿಗೆ ವೇದಾಂತವಿಲ್ಲ. ಕೊನೆಯ ಸೂತ್ರಕ್ಕೆ ಬಂದಾಗ ಶಂಕರರು ಧರ್ಮಸೂತ್ರಗಳಿಂದ ಶಿಕ್ಷೆಗಳನ್ನು ಎತ್ತಿಕೊಡುತ್ತಾರೆ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಮತ್ತು ಅರಗು. ಉಚ್ಚರಿಸಿದರೆ ನಾಲಗೆಗೆ ಕತ್ತಿ. ನೆನಪಿನಲ್ಲಿ ಇಟ್ಟುಕೊಂಡರೆ ಮೈ ಸೀಳು. ಶೂದ್ರ ಅಂದರೆ ನಡೆದಾಡುವ ಸ್ಮಶಾನ, ಅವನ ಹತ್ತಿರ ವೇದ ಓದಬಾರದು ಅನ್ನೋದೂ ಅಲ್ಲೇ ಬರುತ್ತದೆ. ಇತಿಹಾಸ ಪುರಾಣ ಕೇಳಿ ತಿಳಕೊಳ್ಳಲಿ ಅಂತ ಒಂದು ರಿಯಾಯಿತಿಯೂ ಉಂಟು, ಇಲ್ಲ ಅನ್ನುವುದಿಲ್ಲ. ಊಟದ ಪಂಕ್ತಿಯ ಹೊರಗೆ ಎಲೆ ಹಾಕಿದ ಹಾಗೆ.

ಇದೆಲ್ಲ ಶೂದ್ರನಿಗೆ. ನಾನು ಪಂಚಮ. ಆ ಐದು ಸೂತ್ರಗಳಲ್ಲಿ ನನ್ನನ್ನು ಬೈಯಬೇಕು ಅಂತಲೂ ಯಾರಿಗೂ ಅನ್ನಿಸಿಲ್ಲ.

ಹಾಗಾಗಿ ಸ್ವಾಮಿ, ಅರ್ಹತೆ ನಾಲ್ಕಲ್ಲ, ಐದು. ಐದನೆಯದು ಹುಟ್ಟು. ನಾಲ್ಕನ್ನು ಪಠ್ಯದಲ್ಲಿ ಇಟ್ಟು ಐದನೆಯದನ್ನು ಕಪಾಟಿನಲ್ಲಿ ಇಟ್ಟ ವಿದ್ವತ್ತಿನ ಮೇಲೆ ನನ್ನ ಜಗಳ. ಶಂಕರರ ಮೇಲೆ ಅಷ್ಟಿಲ್ಲ. ಅವರು ಏನು ನಂಬಿದ್ದರೋ ಅದನ್ನು ಮುಚ್ಚುಮರೆ ಇಲ್ಲದೆ ಬರೆದರು. ಮುಚ್ಚುಮರೆ ಶುರುವಾದದ್ದು ಪ್ರೊಫೆಸರುಗಳಿಂದ.

ಈ ಪ್ರಶ್ನೆ ಎತ್ತಿದರೆ ಅವರ ಹತ್ತಿರ ಮೂರು ನಾಲ್ಕು ಸಿದ್ಧ ಉತ್ತರಗಳಿವೆ. ಕಾಶಿಯಲ್ಲಿ ಶಂಕರರು ಚಂಡಾಲನ ಕಾಲಿಗೆ ಬೀಳಲಿಲ್ಲವೇ, ಮನೀಷಾ ಪಂಚಕ ಓದಿದ್ದೀಯೇನಯ್ಯಾ ಅಂತಾರೆ. ಓದಿದ್ದೇನೆ. ಆ ಕಥೆಯ ಕೊನೆ ಏನು? ಆ ಚಂಡಾಲ ಚಂಡಾಲನೇ ಅಲ್ಲ, ಸಾಕ್ಷಾತ್ ಶಿವ! ವಿದುರನೂ ಧರ್ಮವ್ಯಾಧನೂ ಜ್ಞಾನಿಗಳಾಗಲಿಲ್ಲವೇ ಅಂತಾರೆ. ಆದರು, ಹಿಂದಿನ ಜನ್ಮದ ಸಂಸ್ಕಾರದಿಂದ ಆದರು ಅಂತ ಭಾಷ್ಯವೇ ಹೇಳುತ್ತದೆ. ಶೂದ್ರ ಅನ್ನಿಸಿಕೊಂಡವನು ಕ್ಷತ್ರಿಯ, ಚಂಡಾಲ ಅನ್ನಿಸಿಕೊಂಡವನು ಶಿವ, ಉಳಿದವರಿಗೆ ಹೋದ ಜನ್ಮದ ಬಾಕಿ. ನಮ್ಮವನೊಬ್ಬ ನಮ್ಮವನಾಗಿಯೇ ಒಳಗೆ ಹೋಗಿ, ನಮ್ಮವನಾಗಿಯೇ ಹೊರಗೆ ಬಂದ ಒಂದು ಉದಾಹರಣೆ ಕೊಡಿ. ನಾನು ಈ ಲೇಖನ ಹರಿದು ಹಾಕುತ್ತೇನೆ.

ಇನ್ನೊಂದು ಉತ್ತರ ಹೆಚ್ಚು ನಯವಾದದ್ದು. ಪರಮಾರ್ಥದಲ್ಲಿ ಭೇದವಿಲ್ಲ, ವ್ಯವಹಾರದಲ್ಲಿ ಉಂಟು. ತತ್ವವನ್ನು ಸಮಾಜದ ಜೊತೆ ಬೆರಸಬಾರದು. ಈ ಮಾತು ಕೇಳಿದಾಗ ನಾನು ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ರಾಮಾನುಜರ ಶ್ರೀಭಾಷ್ಯ ಸಿಕ್ಕಿತು. ಅದೇ ಅಧಿಕರಣದಲ್ಲಿ ಅವರು ಅದ್ವೈತಿಯ ಕುತ್ತಿಗೆಪಟ್ಟಿಗೇ ಕೈ ಹಾಕುತ್ತಾರೆ. ಬ್ರಹ್ಮವೊಂದೇ ನಿಜ, ಕಟ್ಟು ಅನ್ನೋದೇ ಸುಳ್ಳು, ವಾಕ್ಯದಿಂದ ಹುಟ್ಟಿದ ಬರೀ ತಿಳಿವಿನಿಂದ ಆ ಸುಳ್ಳು ಕಳಚುತ್ತದೆ ಅನ್ನೋದಾದರೆ, ಶೂದ್ರನಿಗೆ ಅಧಿಕಾರವಿಲ್ಲ ಅಂತ ನೀನು ಯಾವ ಬಾಯಲ್ಲಿ ಹೇಳುತ್ತೀಯ, ಯಾರಾದರೂ ಅವನಿಗೆ ಸಂಗತಿ ತಿಳಿಸಿದರೆ ಸಾಕಲ್ಲ ಅನ್ನುವ ಅರ್ಥದ ವಾದ ಅದು. ರಾಮಾನುಜರು ನಮ್ಮ ಪರ ಅಂತ ಹಿಗ್ಗಬೇಡಿ. ನಮ್ಮ ಮೇಲುಕೋಟೆಯಲ್ಲಿ ಅವರು ಕೇರಿಯವರಿಗೆ ತಿರುಕುಲದವರು ಅಂತ ಹೆಸರಿಟ್ಟು ವರ್ಷಕ್ಕೆ ಕೆಲವು ದಿನ ಗುಡಿ ಬಾಗಿಲು ತೆಗೆಸಿದರು ಅಂತ ಹೇಳುತ್ತಾರೆ. ಆದರೆ ಭಾಷ್ಯದಲ್ಲಿ ಅವರೂ ಬಾಗಿಲು ಹಾಕುವವರೇ. ಅವರ ತಕರಾರು, ಬಾಗಿಲು ಹಾಕುವ ಹಕ್ಕು ಅದ್ವೈತಿಗೆ ತರ್ಕದಲ್ಲಿ ಇಲ್ಲ, ನನಗಿದೆ ಅಂತ. ಮಧ್ವರೂ ಬೀಗ ತೆಗೆಯಲಿಲ್ಲ. ಮೂರು ಮತದ ಆಚಾರ್ಯರು ಎಲ್ಲದರಲ್ಲೂ ಜಗಳವಾಡಿ, ಇದೊಂದರಲ್ಲಿ ಒಂದಾದರು.

ನನಗೆ ಬೇಕಾದದ್ದು ಇಷ್ಟೇ: ತತ್ವಕ್ಕೂ ಜಾತಿಗೂ ಸಂಬಂಧವಿಲ್ಲ ಅನ್ನುವ ಮಾತು ಈ ಆಚಾರ್ಯರಿಗೇ ಗೊತ್ತಿರಲಿಲ್ಲ. ಅವರು ಅದನ್ನು ತತ್ವದ ಪ್ರಶ್ನೆ ಅಂತಲೇ ತಿಳಿದು, ತತ್ವದ ಗ್ರಂಥದೊಳಗೇ, ತರ್ಕ ಹೂಡಿ ವಾದಿಸಿದರು. ಸಂಬಂಧವಿಲ್ಲ ಅನ್ನೋದು ಆಮೇಲೆ ಸಂಬಳ ತಗೊಂಡವರ ಶೋಧ.

ಅದು ಆ ಕಾಲದ ಧರ್ಮ ಕಣಯ್ಯ ಅನ್ನುವವರೂ ಇದ್ದಾರೆ. ಯಾವ ಕಾಲದ್ದು? ಶಂಕರರಿಗಿಂತ ಸಾವಿರ ವರ್ಷಕ್ಕೂ ಹಿಂದೆ ಬುದ್ಧನ ಸಂಘದಲ್ಲಿ ಕ್ಷೌರಿಕ ಉಪಾಲಿ ಇದ್ದ, ಕಸ ಬಳಿಯುತ್ತಿದ್ದ ಸುನೀತ ಇದ್ದ. ಅವರಿಗಿಂತ ಮುಂಚಿನವನು ಧರ್ಮಕೀರ್ತಿ. ಇವನನ್ನು ನಮಗೆ ಪಾಠ ಮಾಡಿದ್ದಾರೆ. ಪ್ರತ್ಯಕ್ಷ, ಅನುಮಾನ ಅಂತ ಎರಡೇ ಪ್ರಮಾಣ ಒಪ್ಪಿದವನು ಅಂತ ಹತ್ತು ಅಂಕದ ಪ್ರಶ್ನೆ. ಅದೇ ಧರ್ಮಕೀರ್ತಿ ಪ್ರಮಾಣವಾರ್ತಿಕಕ್ಕೆ ತಾನೇ ಬರೆದ ವೃತ್ತಿಯ ಕೊನೆಯಲ್ಲಿ ಮಂದಬುದ್ಧಿಗೆ ಐದು ಗುರುತು ಕೊಡುತ್ತಾನೆ. ವೇದವೇ ಪ್ರಮಾಣ ಅನ್ನೋದು ಒಂದು, ಮಿಂದರೆ ಪುಣ್ಯ ಅನ್ನೋದು ಇನ್ನೊಂದು, ಜಾತಿಯ ಸೊಕ್ಕು ಮತ್ತೊಂದು. ಇದು ಹತ್ತು ಅಂಕಕ್ಕೂ ಬರಲಿಲ್ಲ, ಎರಡು ಅಂಕಕ್ಕೂ ಬರಲಿಲ್ಲ. ಆ ಕಾಲದಲ್ಲಿ ಬೇರೆ ಥರ ಯೋಚಿಸಿದವರು ಇದ್ದರು. ಅವರನ್ನು ಪಠ್ಯದಿಂದ ತೆಗೆದು, ಆಮೇಲೆ ಆ ಕಾಲವೇ ಹಾಗಿತ್ತು ಅನ್ನೋದು ಯಾವ ನ್ಯಾಯ?

ನಮ್ಮ ಮೈಸೂರಿನ ಕಥೆಯೂ ಹೇಳಬೇಕು. ರಾಧಾಕೃಷ್ಣನ್ 1918ರಿಂದ 1921ರವರೆಗೆ ಇಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರು. ಅವರು ಊರು ಬಿಡುವಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ ತಾವೇ ಸ್ಟೇಷನ್ನಿನವರೆಗೆ ಎಳಕೊಂಡು ಹೋದ ಕಥೆಯನ್ನು ಸೆಪ್ಟೆಂಬರ್ 5 ಬಂದಾಗಲೆಲ್ಲ ಕೇಳುತ್ತೇವೆ. ಅದೇ 1918ರಲ್ಲಿ ಅದೇ ಸಂಸ್ಥಾನದಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿ, 1919ರಲ್ಲಿ ವರದಿ ಕೊಟ್ಟಿತು. ಸರ್ಕಾರಿ ಕೆಲಸಗಳು ಒಂದೇ ಜಾತಿಯ ಕೈಯಲ್ಲಿ ಸೇರಿಕೊಂಡಿದ್ದಕ್ಕೆ ಏನು ಮಾಡಬೇಕು ಅನ್ನೋದು ಅದರ ವಿಷಯ. ಆ ಕಥೆಯನ್ನು ಶಿಕ್ಷಕರ ದಿನ ಯಾರೂ ಹೇಳುವುದಿಲ್ಲ. ರಾಧಾಕೃಷ್ಣನ್ 1926ರಲ್ಲಿ ಆಕ್ಸ್‌ಫರ್ಡಿನಲ್ಲಿ ಹಿಂದೂ ಜೀವನದೃಷ್ಟಿಯ ಮೇಲೆ ಉಪನ್ಯಾಸ ಕೊಟ್ಟರು, 1927ರಲ್ಲಿ ಅದು ಪುಸ್ತಕವಾಯಿತು. ಜಾತಿ ಕೆಟ್ಟುಹೋಗಿದೆ ಅಂತ ಒಪ್ಪಿದರೂ, ಬೇರೆ ಬೇರೆ ಜನಾಂಗಗಳು ಬಡಿದಾಡದೆ ಒಟ್ಟಿಗೆ ಬಾಳಲು ಹಿಂದೂಗಳು ಕಂಡುಕೊಂಡ ದಾರಿ ಅದು ಅಂತ ಅವರು ಅದರಲ್ಲಿ ವಿವರಿಸಿದರು. ಅದೇ 1927ರ ಮಾರ್ಚಿನಲ್ಲಿ ಅಂಬೇಡ್ಕರ್ ಮಹಾಡಿನ ಕೆರೆಯ ನೀರು ಕುಡಿದರು. ಕುಡಿದವರ ಮೇಲೆ ದೊಣ್ಣೆ ಬಿತ್ತು. ಡಿಸೆಂಬರ್ 25ರಂದು ಅದೇ ಊರಲ್ಲಿ ಮನುಸ್ಮೃತಿ ಸುಟ್ಟರು. ಒಂದೇ ವರ್ಷ, ಒಂದೇ ವಿಷಯ, ಇಬ್ಬರು ವಿದ್ವಾಂಸರು. ಒಬ್ಬರದು ತತ್ವಶಾಸ್ತ್ರ ಅನ್ನಿಸಿಕೊಂಡಿತು, ಇನ್ನೊಬ್ಬರದು ಗಲಾಟೆ ಅನ್ನಿಸಿಕೊಂಡಿತು.

ಅಂಬೇಡ್ಕರರು ಹಿಂದೂ ಧರ್ಮದ ತತ್ವಶಾಸ್ತ್ರದ ಮೇಲೆ ಬರೆದ ಹಸ್ತಪ್ರತಿ ಅಚ್ಚಾದದ್ದು 1987ರಲ್ಲಿ, ಅವರು ಸತ್ತು ಮೂವತ್ತು ವರ್ಷ ಕಳೆದ ಮೇಲೆ, ಮಹಾರಾಷ್ಟ್ರ ಸರ್ಕಾರದ ಸಂಪುಟಗಳಲ್ಲಿ. ಧರ್ಮವನ್ನು ಹೊಗಳುವುದು ಬಿಟ್ಟು ತೂಗಬೇಕು, ನ್ಯಾಯ ಮತ್ತು ಉಪಯೋಗ ಅನ್ನುವ ಎರಡು ಬಟ್ಟು ಇಟ್ಟು ತೂಗಬೇಕು ಅನ್ನೋದು ಅದರ ವಾದ. ನೀತಿಶಾಸ್ತ್ರ ಅಂದರೆ ಇದಲ್ಲದೆ ಇನ್ನೇನು? ನಮ್ಮ ಪತ್ರಿಕೆಯಲ್ಲಿ ಕಾಂಟ್ ಇದ್ದ, ಮಿಲ್ ಇದ್ದ, ನಿಷ್ಕಾಮ ಕರ್ಮ ಇತ್ತು. ಅಂಬೇಡ್ಕರ್ ಇರಲಿಲ್ಲ. ಕೇಳಿದೆ. ಅವರು ರಾಜ್ಯಶಾಸ್ತ್ರದವರು ಅಂದರು.

ಕಾಂಟ್ ಕೂಡ ಸಾಚಾ ಅಲ್ಲ. 1775ರಲ್ಲಿ ಮನುಷ್ಯ ಜನಾಂಗಗಳ ಮೇಲೆ ಬರೆದವನು, ಕರಿಯರನ್ನು ಕೀಳುಗಳೆದು ಮಾತಾಡಿದವನು. ಆದರೆ ಅಲ್ಲಿ ಚಾರ್ಲ್ಸ್ ಮಿಲ್ಸ್‌ನಂಥ ಕರಿಯ ತತ್ವಜ್ಞಾನಿಗಳು 1997ರ ಹೊತ್ತಿಗೇ ಎದ್ದು ನಿಂತು, ನಿಮ್ಮ ಸಮಾನತೆಯ ಒಪ್ಪಂದಕ್ಕೆ ನಾವು ಸಹಿ ಹಾಕಿದ್ದೆಲ್ಲಿ ಅಂತ ಕೇಳಿದರು. ಇವತ್ತು ಕಾಂಟ್‌ನ ನೀತಿಯನ್ನು ಪಾಠ ಮಾಡುವವರು ಆ ಪ್ರಶ್ನೆಯನ್ನು ದಾಟಿಕೊಂಡು ಹೋಗುವುದು ಸುಲಭವಲ್ಲ. ನಮ್ಮಲ್ಲಿ ದಾಟುವ ತೊಂದರೆಯೇ ಇಲ್ಲ. ಪ್ರಶ್ನೆಯ ಪುಟವನ್ನೇ ತೆರೆಯುವುದಿಲ್ಲ.

ತೆರೆಯಲು ಹೋದವನ ಗತಿ ಹೇಳುತ್ತೇನೆ. ಎಂ.ಎ. ಮುಗಿದ ಮೇಲೆ ಸಂಶೋಧನೆಗೆ ಅರ್ಜಿ ಹಾಕಿದೆ. ವಿಷಯ: ವೇದಾಂತದಲ್ಲಿ ಅಧಿಕಾರದ ಪ್ರಶ್ನೆ. ಸಂದರ್ಶನದಲ್ಲಿ ಕೂತಿದ್ದ ಹಿರಿಯರೊಬ್ಬರು ಅರ್ಜಿಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಬಹಳ ಪ್ರೀತಿಯಿಂದಲೇ ಮಾತಾಡಿದರು. ‘ಸಂಸ್ಕೃತದ ಗಟ್ಟಿ ಹಿನ್ನೆಲೆ ಬೇಕಪ್ಪ ಇದಕ್ಕೆ. ನಿಮ್ಮ ಕಡೆ ಮಾರಿಹಬ್ಬ ಆಗುತ್ತಲ್ಲ? ಅದರ ಮೇಲೆ ಕ್ಷೇತ್ರಕಾರ್ಯ ಮಾಡು. ನಿನಗೆ ಒಳಗಿನ ಮಾಹಿತಿ ಸಿಗುತ್ತೆ. ಯಾರೂ ಮಾಡದ ಕೆಲಸ ಆಗುತ್ತೆ.’ ಗೋಪಾಲ್ ಗುರು 2002ರಲ್ಲೇ ಇದನ್ನು ಬರೆದಿದ್ದಾರೆ: ಸಮಾಜ ವಿಜ್ಞಾನದಲ್ಲಿ ಸಿದ್ಧಾಂತ ಕಟ್ಟುವವರು ಮೇಲಿನವರು, ಮಾಹಿತಿ ಹೊತ್ತು ತರುವವರು ಕೆಳಗಿನವರು ಅಂತ. ಓದಿದಾಗ ತಲೆಗೆ ಹತ್ತಿತ್ತು, ಅವತ್ತು ಹೊಟ್ಟೆಗೆ ಹತ್ತಿತು. ಮಾರಮ್ಮ ನನಗೆ ಬೇಡ ಅಂತಲ್ಲ. ಮಾರಮ್ಮನ ಮೇಲೆ ಬರೆಯಲು ನನಗೆ ಹುಟ್ಟೇ ಅರ್ಹತೆ, ಬ್ರಹ್ಮದ ಮೇಲೆ ಬರೆಯಲು ಹುಟ್ಟೇ ಅಡ್ಡಿ ಅಂದರೆ, ಐದು ಸೂತ್ರಗಳು ಇವತ್ತಿಗೂ ಜಾರಿಯಲ್ಲಿವೆ ಅಂತ ತಾನೇ? ಕಿವಿಗೆ ಸೀಸ ಹುಯ್ಯುವುದಿಲ್ಲ ಈಗ. ಕಾಫಿ ತರಿಸಿ ಕೊಡುತ್ತಾರೆ.

ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡುವ ಅಣ್ಣಂದಿರು, ಅಕ್ಕಂದಿರು ಈ ಪತ್ರಿಕೆ ಓದುತ್ತೀರಿ. ನಿಮ್ಮಲ್ಲಿ ಒಂದು ಕೇಳಿಕೆ. ಸತ್ಯಕಾಮನ ಕಥೆಯನ್ನು ಮಕ್ಕಳಿಗೆ ಹೇಳುತ್ತೀರಲ್ಲ, ಪೂರ್ತಿ ಹೇಳಿ. ಗೋತ್ರ ಯಾವುದು ಅಂತ ಗುರು ಕೇಳಿದ. ಹುಡುಗ, ಅವ್ವ ಹೇಳಿಕೊಟ್ಟದ್ದನ್ನು ಹಾಗೇ ಒಪ್ಪಿಸಿದ: ಹರೆಯದಲ್ಲಿ ಅಲ್ಲಿ ಇಲ್ಲಿ ಚಾಕರಿ ಮಾಡಿಕೊಂಡಿದ್ದಾಗ ನೀನು ಹುಟ್ಟಿದೆ, ಗೋತ್ರ ನನಗೆ ಗೊತ್ತಿಲ್ಲ. ಇಷ್ಟು ನಿಜ ಹೇಳುವವನು ಬ್ರಾಹ್ಮಣನಲ್ಲದೆ ಬೇರೆಯಾಗಲಾರ ಅಂತ ಗುರು ಅವನನ್ನು ಸೇರಿಸಿಕೊಂಡ. ಹುಟ್ಟಿನಿಂದಲ್ಲ, ಗುಣದಿಂದ ಬ್ರಾಹ್ಮಣ ಅಂತ ಇದಕ್ಕೆ ಅರ್ಥ ಹೇಳುವ ವಾಡಿಕೆ. 37ನೇ ಸೂತ್ರ ಇದಕ್ಕೆ ಹೇಳುವ ಅರ್ಥ ಬೇರೆ: ಹುಡುಗ ಶೂದ್ರನಲ್ಲ ಅಂತ ಖಾತ್ರಿಯಾದ ಮೇಲೆಯೇ ಗುರು ಉಪನಯನಕ್ಕೆ ಕೈ ಹಾಕಿದ, ಆದ್ದರಿಂದ ಶೂದ್ರನಿಗೆ ವಿದ್ಯೆಯಿಲ್ಲ. ಅಂದರೆ ನಿಜ ಹೇಳುವುದೂ ಒಂದು ಜಾತಿಯ ಸೊತ್ತು. ಇದನ್ನೂ ಹೇಳಿ. ಮಕ್ಕಳು ಏನು ಕೇಳುತ್ತಾರೋ ಕೇಳಲಿ.

ಹೋದ ಸಲ ಊರಿಗೆ ಹೋದಾಗ ಈ ಕಥೆಯನ್ನು ಅವ್ವನಿಗೆ ಹೇಳಿದೆ. ಅವರೆಕಾಯಿ ಸುಲೀತಾ ಕೂತು ಕೇಳಿದಳು. ಗುರು ಹುಡುಗನನ್ನು ಬ್ರಾಹ್ಮಣ ಅಂದ ಕಡೆಗೆ ಬಂದಾಗ ತಡೆದಳು.

‘ನಿಜ ಹೇಳ್ದೋಳು ಆ ಯಮ್ಮ ಅಲ್ವೇನ್ಲಾ? ಐದ ಬರೀ ಒಪ್ಪುಸ್ದ. ಮತ್ತೆ ಆ ಯಮ್ಮುನ್ನ ಏನಂದ್ರು?’

ನನಗೆ ಗೊತ್ತಿರಲಿಲ್ಲ. ವಾಪಸು ಬಂದು ಛಾಂದೋಗ್ಯ ತೆಗೆದು ನೋಡಿದೆ. ಗುರು ನಾನೂರು ಬಡಕಲು ದನ ಬೇರೆ ಮಾಡಿ ಕೊಡುತ್ತಾನೆ. ಹುಡುಗ ಅವನ್ನು ಹೊಡಕೊಂಡು ಕಾಡಿಗೆ ಹೋಗುತ್ತಾನೆ, ಅವು ಸಾವಿರ ಆಗುವವರೆಗೂ ಬರುವುದಿಲ್ಲ. ಆಮೇಲೆ ಬರುತ್ತಾನೆ, ಜ್ಞಾನಿಯಾಗುತ್ತಾನೆ, ತಾನೂ ಗುರುವಾಗುತ್ತಾನೆ. ಜಬಾಲೆಯ ಸುದ್ದಿ ಮತ್ತೆ ಬರುವುದಿಲ್ಲ.