ಹಾರಿಸಿದವರೇ ಇಳಿಸಲಿ

2022ರ ಯುಗಾದಿಯ ಸಂಜೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಲಾಡಬೋರಿ ಗ್ರಾಮದಲ್ಲಿ ಊರೊಟ್ಟಿನ ಊಟದ ತಯಾರಿ ನಡೆದಿತ್ತು. ಆಕಾಶದಲ್ಲಿ ಬೆಂಕಿಯ ಗೆರೆಗಳು ಹಾದುಹೋದವು. ಹಿಂದೆಯೇ ಭಾರೀ ಸದ್ದು. ಓಡಿ ಹೋಗಿ ನೋಡಿದವರಿಗೆ ಖಾಲಿ ಜಾಗದಲ್ಲಿ ಕಂಡದ್ದು ಎತ್ತಿನ ಗಾಡಿಯ ಚಕ್ರದ ಹಳಿಯಂಥ ಒಂದು ಲೋಹದ ಬಳೆ. ಆದರೆ ಹಳಿಯ ದುಪ್ಪಟ್ಟು ದೊಡ್ಡದು. ಸುತ್ತಲಿನ ಊರುಗಳಲ್ಲಿ ಲೋಹದ ಗುಂಡುಗಳೂ ಸಿಕ್ಕವು. ಚೀನಾ ಹಿಂದಿನ ವರ್ಷ ಹಾರಿಸಿದ್ದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಮೂರನೇ ಹಂತದ ಚೂರುಗಳಿವು ಎಂಬುದು ತಜ್ಞರ ಅಂದಾಜು. ಬಳೆ ನಾಲ್ಕು ಮಾರು ಆಚೆಗೆ ಬಿದ್ದಿದ್ದರೆ ಹಬ್ಬದ ಮನೆಗಳಲ್ಲಿ ಸೂತಕ ಇರುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ಆದ್ದರಿಂದಲೇ ಜಗತ್ತು ಅದನ್ನು ಮರೆಯಿತು.

ಈ ಮರೆವೇ ಬಾಹ್ಯಾಕಾಶ ಶಕ್ತಿಗಳ ಬಂಡವಾಳ. ಉಪಗ್ರಹವನ್ನು ಕಕ್ಷೆಗೆ ಬಿಟ್ಟ ಮೇಲೆ ರಾಕೆಟ್ಟಿನ ಕೊನೆಯ ಹಂತ ಬರಿದಾದ ಡಬ್ಬಿ. ಎಂಜಿನ್ ಮತ್ತೊಮ್ಮೆ ಉರಿಸಿ ಅದನ್ನು ನಿರ್ಜನ ಸಾಗರಕ್ಕೆ ಕೆಡವಬಹುದು. ಅದಕ್ಕೆ ಒಂದಷ್ಟು ಇಂಧನ ಮೀಸಲಿಡಬೇಕು, ಉಪಗ್ರಹದ ತೂಕವನ್ನು ಅಷ್ಟು ಕಡಿಮೆ ಮಾಡಬೇಕು. ಈ ನಷ್ಟ ಒಲ್ಲದವರು ಡಬ್ಬಿಯನ್ನು ಅಲ್ಲೇ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ವಾತಾವರಣದ ಘರ್ಷಣೆ ಅದನ್ನು ಎಂದಾದರೊಂದು ದಿನ ಕೆಳಗೆಳೆಯುತ್ತದೆ. ಎಲ್ಲಿ ಎಂದು ಮಾತ್ರ ಕೊನೆಯ ಗಳಿಗೆವರೆಗೂ ಹೇಳಲಾಗದು. ಬೀಳುವ ಹೊತ್ತಿನ ಲೆಕ್ಕ ಒಂದು ಗಂಟೆ ತಪ್ಪಿದರೆ ಜಾಗ ಸುಮಾರು 27,000 ಕಿ.ಮೀ. ತಪ್ಪುತ್ತದೆ.

ಈ ಉಡಾಫೆಯಲ್ಲಿ ಚೀನಾಕ್ಕೆ ಅಗ್ರಪಟ್ಟ. ಅದರ ಲಾಂಗ್ ಮಾರ್ಚ್ 5ಬಿ ರಾಕೆಟ್ಟಿನ ನಡುಭಾಗವೇ, ಅಂದರೆ 30 ಮೀಟರ್ ಉದ್ದದ, 20 ಟನ್ ತೂಗುವ ಕೊಳವೆಯೇ, ಕಕ್ಷೆ ಸೇರುತ್ತಿತ್ತು. ಅದನ್ನು ಗುರಿಯಿಟ್ಟು ಇಳಿಸುವ ಏರ್ಪಾಡು ಇರಲಿಲ್ಲ. 2020ರ ಮೇ ತಿಂಗಳಲ್ಲಿ ಐವರಿ ಕೋಸ್ಟ್‌ನ ಹಳ್ಳಿಗಳಲ್ಲಿ ಲೋಹದ ಕೊಳವೆಗಳು ಬಿದ್ದವು. 2021ರಲ್ಲಿ ಇಂಥದೇ ಇನ್ನೊಂದು ನಡುಭಾಗ ಮಾಲ್ಡೀವ್ಸ್ ಹತ್ತಿರದ ಸಮುದ್ರದ ಪಾಲಾಯಿತು. 2022ರ ಜುಲೈನಲ್ಲಿ ಮತ್ತೊಂದು. ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು. ಆ ಕೊನೆಯದಕ್ಕೆ ಹೆದರಿ ಸ್ಪೇನ್ ತನ್ನ ವಾಯುಮಾರ್ಗದ ಒಂದು ಭಾಗವನ್ನೇ ಮುಚ್ಚಿತು. ಮೊದಲ ಸಲ ಆದದ್ದು ಅಚಾತುರ್ಯ ಎನ್ನೋಣ. ನಾಲ್ಕನೆಯ ಸಲ ಆದದ್ದಕ್ಕೆ ಉದ್ಧಟತನ ಎಂದೇ ಹೆಸರು.

ಹಾಗೆಂದು ಮಿಕ್ಕವರೇನೂ ಸಾಚಾ ಅಲ್ಲ. ಅಮೆರಿಕದ 77 ಟನ್‌ಗಳ ಸ್ಕೈಲ್ಯಾಬ್ 1979ರ ಜುಲೈನಲ್ಲಿ ಹಿಡಿತ ತಪ್ಪಿ ಉರುಳಿದಾಗ ನಮ್ಮ ಹಳ್ಳಿಗಳೂ ನಿದ್ದೆಗೆಟ್ಟದ್ದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಚೂರುಗಳು ಬಿದ್ದದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಎಸ್ಪೆರನ್ಸ್ ಪಟ್ಟಣದ ಆಡಳಿತ ಕಸ ಹಾಕಿದ್ದಕ್ಕೆ ನಾಸಾಕ್ಕೆ 400 ಡಾಲರ್ ದಂಡ ಹಾಕಿತು. 30 ವರ್ಷಗಳ ನಂತರ ಅದನ್ನು ಕಟ್ಟಿದ್ದು ನಾಸಾ ಅಲ್ಲ, ಕೇಳುಗರಿಂದ ಹಣ ಕೂಡಿಸಿದ ಒಬ್ಬ ರೇಡಿಯೊ ನಿರೂಪಕ. ತಮಾಷೆಯಾಗಿ ಕಾಣುವ ಈ ಪ್ರಸಂಗದಲ್ಲಿ ಇಡೀ ವ್ಯವಸ್ಥೆಯ ನಾಚಿಕೆಗೇಡಿತನವಿದೆ. 2025ರ ಫೆಬ್ರುವರಿಯಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್ 9ರ ಎರಡನೇ ಹಂತ ಇಳಿಯುವ ದಾರಿ ತಪ್ಪಿ ಪೋಲೆಂಡ್‌ನ ನೆಲಕ್ಕೆ ಬಿತ್ತು. ರಷ್ಯಾ 2021ರಲ್ಲಿ ತನ್ನದೇ ಹಳೆಯ ಉಪಗ್ರಹವನ್ನು ಕ್ಷಿಪಣಿಯಿಂದ ಸಿಡಿಸಿ 1,500ಕ್ಕೂ ಹೆಚ್ಚು ಚೂರು ಮಾಡಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಅದರದೇ ಗಗನಯಾತ್ರಿಗಳೂ ಪ್ರಾಣ ಉಳಿಸಿಕೊಳ್ಳಲು ತಂತಮ್ಮ ನೌಕೆಗಳಿಗೆ ಸೇರಿಕೊಳ್ಳಬೇಕಾಯಿತು.

ಕಾನೂನು ಇಲ್ಲವೆ? ಇದೆ. ಬಾಹ್ಯಾಕಾಶದ ವಸ್ತು ಭೂಮಿಯ ಮೇಲೆ ಹಾನಿ ಮಾಡಿದರೆ ಹಾರಿಸಿದ ದೇಶ ಪೂರ್ಣ ಹೊಣೆ ಎನ್ನುತ್ತದೆ 1972ರ ಒಪ್ಪಂದ. ಅದರಡಿ ಹೆಸರಿಸಬಹುದಾದ ಪ್ರಕರಣ ಒಂದೇ. 1978ರಲ್ಲಿ ಪರಮಾಣು ರಿಯಾಕ್ಟರ್ ಹೊತ್ತಿದ್ದ ಸೋವಿಯತ್ ಉಪಗ್ರಹ ಕಾಸ್ಮೋಸ್ 954 ಕೆನಡಾದ ಮೇಲೆ ಚೆದುರಿತು. ಕೆನಡಾ 60 ಲಕ್ಷ ಡಾಲರ್ ಕೇಳಿತು. 1981ರಲ್ಲಿ ಸಿಕ್ಕಿದ್ದು 30 ಲಕ್ಷ. ಆ ಒಪ್ಪಂದ ಮಾತಾಡುವುದು ತಲೆ ಒಡೆದ ಮೇಲಿನ ಪರಿಹಾರದ ಬಗ್ಗೆ. ತಲೆಯ ಮೇಲೆ ಕಲ್ಲು ತೂರುವುದನ್ನು ಅದು ತಪ್ಪೆಂದೇ ಎಣಿಸುವುದಿಲ್ಲ. ತ್ಯಾಜ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಗಸೂಚಿಗಳೋ, ಇಷ್ಟವಿದ್ದರೆ ಪಾಲಿಸುವಂಥವು. ತಲೆ ಯಾರದ್ದು ಎಂಬುದನ್ನೂ ಗಮನಿಸಬೇಕು. ರಾಕೆಟ್ ಅವಶೇಷ ಬೀಳುವ ಸಾಧ್ಯತೆ ನ್ಯೂಯಾರ್ಕ್, ಬೀಜಿಂಗ್, ಮಾಸ್ಕೊಗಳ ಅಕ್ಷಾಂಶಕ್ಕಿಂತ ಜಕಾರ್ತಾ, ಢಾಕಾ, ಲಾಗೋಸ್‌ಗಳ ಅಕ್ಷಾಂಶದಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು ಕೆನಡಾದ ಸಂಶೋಧಕರು 2022ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹಾರಿಸಿದ ಕೀರ್ತಿ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ.

ಭಾರತವೂ ಕಟಕಟೆಯ ಹೊರಗಿಲ್ಲ. 2019ರ ಮಿಷನ್ ಶಕ್ತಿಯಲ್ಲಿ ನಾವೂ ನಮ್ಮ ಉಪಗ್ರಹವನ್ನು ಸಿಡಿಸಿದೆವು. ಕೆಳಗಿನ ಕಕ್ಷೆ ಆರಿಸಿಕೊಂಡಿದ್ದರಿಂದ ಚೂರುಗಳು ಬೇಗ ಉರಿದುಹೋದವು, ನಿಜ. ಎಲ್ಲವೂ ಹೇಳಿದಷ್ಟು ಬೇಗ ಹೋಗಲಿಲ್ಲ ಎಂಬುದೂ ನಿಜ. ಇಂಥ ಪರೀಕ್ಷೆ ಬೇಡವೆಂಬ ನಿರ್ಣಯ 2022ರಲ್ಲಿ ವಿಶ್ವಸಂಸ್ಥೆಯ ಮುಂದೆ ಬಂದಾಗ ಭಾರತ ಮತ ಹಾಕದೆ ಕುಳಿತದ್ದು ಸರಿಯಲ್ಲ.

ಆದರೆ ದಾರಿ ತೋರಿಸಿದ ಉದಾಹರಣೆಯೂ ನಮ್ಮದೇ. ಫ್ರಾನ್ಸ್ ಜೊತೆ ಸೇರಿ 2011ರಲ್ಲಿ ಹಾರಿಸಿದ್ದ ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನು ಗುರಿಯಿಟ್ಟು ಕೆಡವಲೆಂದು ಕಟ್ಟಿರಲಿಲ್ಲ. ಆಯಸ್ಸು ತೀರಿದಾಗ ಸುಮಾರು 125 ಕೆ.ಜಿ. ಇಂಧನ ಉಳಿದಿತ್ತು. ಇಸ್ರೊ ಎಂಜಿನಿಯರುಗಳು ಅದನ್ನು ತಿಂಗಳುಗಟ್ಟಲೆ ಹಂತಹಂತವಾಗಿ ತಗ್ಗಿಸಿ, 2023ರ ಮಾರ್ಚ್ 7ರಂದು ಜನವಿಲ್ಲದ ಪೆಸಿಫಿಕ್ ಸಾಗರದ ಮೇಲೆ ಸುಟ್ಟುಹಾಕಿದರು. ಇಳಿಸಲೆಂದು ಕಟ್ಟದ ಹಳೆಯ ಉಪಗ್ರಹವನ್ನೇ ಹೀಗೆ ಇಳಿಸಬಹುದಾದರೆ, ಹೊಸದಾಗಿ ಕಟ್ಟುವ ರಾಕೆಟ್ಟಿಗೆ ಆಗದು ಎಂಬ ಸಬೂಬು ಯಾರ ಬಾಯಲ್ಲೂ ಬರಕೂಡದು.

ಆದ್ದರಿಂದ ನಮ್ಮ ತೀರ್ಪು ಸ್ಪಷ್ಟ. ಕಕ್ಷೆ ಸೇರುವ ಪ್ರತಿ ಭಾರೀ ರಾಕೆಟ್ ಹಂತಕ್ಕೂ ಇಳಿಯುವ ಯೋಜನೆ ಕಡ್ಡಾಯವಾಗಬೇಕು. ಅದಿಲ್ಲದ ಉಡಾವಣೆಗೆ ಯಾವ ದೇಶವೂ ಪರವಾನಗಿ ಕೊಡಬಾರದು. ಹಾನಿಯಾಗದಿದ್ದರೂ ಹಿಡಿತವಿಲ್ಲದೆ ಬಿದ್ದ ಪ್ರತಿ ಅವಶೇಷಕ್ಕೂ ದಂಡ ಬೀಳಬೇಕು. 2030ರ ಹೊತ್ತಿಗೆ ನಮ್ಮ ಎಲ್ಲ ಯಾನಗಳೂ ತ್ಯಾಜ್ಯಮುಕ್ತ ಎಂದು 2024ರಲ್ಲಿ ಸಾರಿದ ಭಾರತ, ಆ ಮಾತನ್ನು ವರ್ಷಗಳಿಂದ ಕರಡಿನಲ್ಲೇ ಕೊಳೆಯುತ್ತಿರುವ ಬಾಹ್ಯಾಕಾಶ ಕಾಯ್ದೆಯಲ್ಲಿ ಬರೆದು, ಖಾಸಗಿ ಕಂಪನಿಗಳನ್ನೂ ಅದಕ್ಕೆ ಕಟ್ಟಿಹಾಕಲಿ. ಆಗಷ್ಟೇ ಬೀಜಿಂಗ್, ವಾಷಿಂಗ್ಟನ್, ಮಾಸ್ಕೊಗಳ ಕಡೆ ಬೆರಳು ತೋರುವ ನೈತಿಕ ಬಲ ನಮಗೆ ಬರುತ್ತದೆ. ಉಡಾವಣೆಯ ಯಶಸ್ಸಿಗೆ ಚಪ್ಪಾಳೆ ತಟ್ಟುವ ಮುನ್ನ ಇನ್ನುಮುಂದೆ ಒಂದು ಪ್ರಶ್ನೆ ಕೇಳೋಣ: ಇದು ಇಳಿಯುವುದು ಯಾರ ಅಂಗಳದಲ್ಲಿ?