ಕೇಳದ ಕಿವಿಯ ದೋಷ

“ನಮ್ಮ ಶಾಲೆಯಲ್ಲಿ ಅಂತಹದೇನೂ ಇಲ್ಲ” ಎಂಬುದು ಆಡಳಿತ ಮಂಡಳಿಗಳ ನಿತ್ಯಪಾಠ. ಇಲ್ಲವೆಂದು ತಿಳಿದದ್ದು ಹೇಗೆ? ಮಕ್ಕಳನ್ನು ಕೇಳಿದವರಾರು? ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನವು 13 ರಾಜ್ಯಗಳ 12,447 ಮಕ್ಕಳನ್ನು ಕೇಳಿತು. ಶೇಕಡಾ 53ರಷ್ಟು ಮಕ್ಕಳು ಒಂದಿಲ್ಲೊಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು. ಹೆಣ್ಣುಮಕ್ಕಳನ್ನು ಕಾದರೆ ಸಾಕೆಂಬ ಭ್ರಮೆಯೂ ಅಲ್ಲಿಗೆ ಮುಗಿಯಬೇಕಿತ್ತು. ಆ 13ರಲ್ಲಿ ಕರ್ನಾಟಕವಿರಲಿಲ್ಲ!

2014ರ ಜುಲೈನಲ್ಲಿ ಬೆಂಗಳೂರಿನ ಪೂರ್ವಭಾಗದ ಶಾಲೆಯೊಂದರಲ್ಲಿ ಆರು ವರ್ಷದ ಬಾಲೆಯ ಮೇಲೆ ಅತ್ಯಾಚಾರವಾದ ದೂರು ಕೇಳಿ ಪೋಷಕರು ಬೀದಿಗಿಳಿದರು. ಬಳಿಕ ಎಲ್ಲೆಡೆ ಕ್ಯಾಮೆರಾಗಳ ಮಾತು. ಕ್ಯಾಮೆರಾ ಪಡಸಾಲೆಯನ್ನು ನೋಡೀತು. ಮಗುವಿನ ಅಳಲನ್ನು ಕೇಳೀತೇ? ಶಿವಾಜಿನಗರದ ಇಕ್ಕಟ್ಟಿನ ಓಣಿಯ ಶಾಲೆಯಾಗಲಿ, ಇಂದಿರಾನಗರದ ಸಿರಿವಂತರ ಶಾಲೆಯಾಗಲಿ, ತರಬೇತಿ ಪಡೆದವರಿಂದ ಮಕ್ಕಳನ್ನು ವಿಶ್ವಾಸದಿಂದ ವಿಚಾರಿಸುವುದಕ್ಕೆ ತಗಲುವ ವೆಚ್ಚ ಅಲ್ಪ. ಅಂಜಿಕೆ ಇರುವುದು ಉತ್ತರದ್ದು. ತಿಳಿದ ಮೇಲೆ ಪೊಲೀಸರಿಗೆ ತಿಳಿಸಲೇಬೇಕೆಂಬುದು 2012ರ ಪೋಕ್ಸೊ ಕಾಯಿದೆ; ಕೈಕೆಳಗಿನ ನೌಕರನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸ.

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯ ಹಿಂಸೆಯನ್ನು ಶ್ರಾವಕರೆಲ್ಲರೂ ಬಲ್ಲರು. ಸಂಸ್ಥೆಯ ಹೆಸರು ಕೆಟ್ಟೀತೆಂದು ಬಾಯಿ ಮುಚ್ಚುವ ಟ್ರಸ್ಟಿನ ಮಹನೀಯರು ತಮ್ಮ ಮೌನವನ್ನು ಯಾವುದರ ಲೆಕ್ಕಕ್ಕೆ ಬರೆಯುವರೋ?